ಚೀಲದಲ್ಲಿ ಉಳಿದ ಹರಳು

ಕಾಡುಗೋಡಿ ರೈಲ್ವೆ ಸ್ಟೇಷನ್ನಿನಿಂದ ಎರಡು ಮೈಲಿ ಆಚೆ ಹದಿನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟು ಎದ್ದು ನಿಂತಿತ್ತು. ಒಂದಿಷ್ಟು ಬಣ್ಣ, ಒಂದಿಷ್ಟು ಟೈಲ್ಸು ಆಗಿಬಿಟ್ಟರೆ ಮನೆ ಕೊಂಡವರು ಬಂದು ಹಾಲು ಉಕ್ಕಿಸುವುದೊಂದೇ ಬಾಕಿ. ಆ ದಿನ ಸಂಜೆ ಐದಕ್ಕೆಲ್ಲ ಮಳೆ ಹಿಡಿದುಕೊಂಡಿತು. ಹಿಡಿದದ್ದು ಬಿಡಲಿಲ್ಲ. ಗೇಟಿನ ಮುಂದಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು ಬೈಕುಗಳು ಅಲ್ಲಲ್ಲೇ ಕೆಟ್ಟು ನಿಂತವು. ಕರೆಂಟು ಹೋಯಿತು. ಕೆಲಸದವರ ಬಟ್ಟೆ, ಬುತ್ತಿ ಎಲ್ಲ ಹದಿನಾಲ್ಕನೇ ಮಹಡಿಯಲ್ಲಿ, ಲಿಫ್ಟು ಮಾತ್ರ ಕತ್ತಲೆಯಲ್ಲಿ ಕೆಳಗೇ ಬಾಯಿ ಮುಚ್ಚಿ ನಿಂತಿತ್ತು.

ಟೈಲ್ಸ್ ಮೇಸ್ತ್ರಿ ಮುತ್ತಣ್ಣ ಲಿಫ್ಟಿನ ಮುಂದಿನ ನೆಲದ ಮೇಲೆ ಸಿಮೆಂಟಿನ ಖಾಲಿ ಚೀಲ ಹಾಸಿ ಹೆಂಡತಿ ಸವಿತಾಳನ್ನು ಕೂರಿಸಿದ. ಅವಳಿಗೆ ಏಳು ತಿಂಗಳು. ಹಿಂದೊಮ್ಮೆ ಮೂರನೇ ತಿಂಗಳಲ್ಲೇ ಬಸಿರು ಇಳಿದುಹೋಗಿತ್ತು, ಹಾಗಾಗಿ ಈ ಸಲ ಮುತ್ತಣ್ಣನ ಜೀವವೆಲ್ಲ ಅವಳ ಹೊಟ್ಟೆಯ ಮೇಲೇ ಇತ್ತು. ಮರಳು ಹೊರುವುದನ್ನು ಬಿಡಿಸಿ ಬರೀ ಕಸ ಗುಡಿಸುವ ಕೆಲಸಕ್ಕೆ ಹಾಕಿಸಿದ್ದ. ಶನಿವಾರದ ರೈಲಿಗೆ ಟಿಕೆಟ್ಟೂ ಆಗಿತ್ತು. ಯಾದಗಿರಿ ಕಡೆ ಸೈದಾಪುರ ಅವಳ ತವರು, ಚೊಚ್ಚಲ ಹೆರಿಗೆ ಅಲ್ಲೇ ಆಗಬೇಕು. ಅವರ ಪಕ್ಕದಲ್ಲಿ ಎಲೆಕ್ಟ್ರಿಷಿಯನ್ ಆಂಜಿನಪ್ಪ ಕೂತಿದ್ದ. ಅವನು ಅತ್ತಿಬೆಲೆಯವನು, ಬಾಯಿ ಜೋರು.

ಎದುರಿಗೆ ಕುರ್ಚಿಯಲ್ಲಿ ವಾಚ್‌ಮನ್ ಗಂಗಪ್ಪ. ಎಪ್ಪತ್ತರ ಹತ್ತಿರದ ಮುದುಕ. ಅವನೂ ಅದೇ ಕಡೆಯವನು, ರಾಯಚೂರಿನ ಹೊಳೆಸಾಲಿನವನು ಅಂತ ಗೊತ್ತಾದ ದಿನದಿಂದ ಸವಿತಾ ಅವನನ್ನು ಮುತ್ಯಾ ಎಂದೇ ಕರೆಯುತ್ತಿದ್ದಳು, ದಿನಾ ಎರಡು ರೊಟ್ಟಿ ಅವನಿಗೂ ಕಟ್ಟಿ ತರುತ್ತಿದ್ದಳು. ಮುದುಕನದು ಒಂದೇ ಒಂದು ವಿಚಿತ್ರ. ಲಿಫ್ಟು ಹತ್ತುತ್ತಿರಲಿಲ್ಲ. ಹದಿನಾಲ್ಕು ಮಹಡಿಯನ್ನೂ ಮೆಟ್ಟಿಲ ಮೇಲೆ ಉಸ್ಸಪ್ಪಾ ಅಂತ ಹತ್ತಿ ಇಳಿಯುತ್ತಿದ್ದ.

"ಒಂದ್ಸಲ ಹತ್ತಿದ್ದ ಕಣಕ್ಕ ತಾತ," ಎಂದು ಆಂಜಿನಪ್ಪ ನಕ್ಕ. "ಲಿಫ್ಟು ಚಾಲೂ ಆದ ದಿನ. ಒಬ್ನೇ ಹತ್ತವ್ನೆ, ಓವರ್‌ಲೋಡ್ ಅಂತ ಅಲಾರಂ ಹೊಡ್ಕೊಂತು! ಎಂಟು ಜನದ ಲಿಫ್ಟು ಗುರು. ಕಂಪನಿಯವ್ರನ್ನ ಕರೆಸಿ ಸೆನ್ಸರ್ ಚೆಕ್ ಮಾಡ್ಸಿದ್ವಿ, ಏನೂ ಆಗಿರ್ಲಿಲ್ಲ. ತಾತ ಹೆದ್ರಿಬಿಟ್ಟ."

ಗಂಗಪ್ಪ ನಗಲಿಲ್ಲ. ಬೀಡಿ ಹಚ್ಚಿ ಮಳೆ ನೋಡುತ್ತ ಕೂತ.

"ಮುತ್ಯಾ, ಸುಮ್ನ ಕುಂತು ಏನ್ ಮಾಡೋದು, ಒಂದು ದೆವ್ವದ ಕತಿ ಹೇಳು," ಎಂದಳು ಸವಿತಾ.

"ಬಸುರಿ ಹೆಂಗಸು ಅದನ್ನೆಲ್ಲ ಕೇಳಬಾರದವ್ವ."

"ಹೇಳು ನೀ. ನಾ ಏನ್ ಅಂಜಂಗಿಲ್ಲ."

ಮುದುಕ ಅವಳ ಮುಖವನ್ನೂ ಹೊಟ್ಟೆಯನ್ನೂ ಒಂದು ಸಲ ನೋಡಿದ. ಆಮೇಲೆ ಮುತ್ತಣ್ಣನ ಕಡೆ ತಿರುಗಿದ. "ಶನಿವಾರ ಹೊಳಿ ದಾಟತೀರಲ್ಲಪಾ ನೀವು?"

"ಹೌದು ಮುತ್ಯಾ. ರಾಯಚೂರು ದಾಟಿದ ಮ್ಯಾಲ ಕೃಷ್ಣಾ ಬ್ರಿಜ್ ಬರ್ತದಲ್ಲ."

ಗಂಗಪ್ಪ ಸೊಂಟದಿಂದ ಎಲೆ ಅಡಿಕೆಯ ಚೀಲದಂಥ ಒಂದು ಹಳೇ ಬಟ್ಟೆ ಚೀಲ ಬಿಚ್ಚಿದ. ಅದರಲ್ಲಿ ಎಲೆ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಒಂದು ಕರೀ ಹರಳು, ನೀರಿನಲ್ಲಿ ಉರುಳಿ ಉರುಳಿ ನುಣ್ಣಗಾದದ್ದು, ಅಷ್ಟೇ ಇತ್ತು. "ಇದು ನಮ್ಮ ಹೊಳಿ ಹರಳು. ಬ್ರಿಜ್ ಮ್ಯಾಲಿಂದ ನೀರಿಗೆ ಒಗದುಬಿಡು. ಮುದುಕನ ಆಸೆ ಅಂತ ತಿಳಕೋ. ತಗೊಂಡ್ಯಾ?"

"ಕೊಡು, ಅದಕ್ಕೇನು," ಎಂದು ಮುತ್ತಣ್ಣ ಕೈಚಾಚಿದ.

"ಹಂಗಲ್ಲ. ಬಾಯಿಬಿಟ್ಟು ಅನ್ನು. ತಗೊಂಡ್ಯಾ?"

"ತಗೊಂಡೆ ಮುತ್ಯಾ, ತಗೊಂಡೆ!" ಎಂದು ಮುತ್ತಣ್ಣ ನಗುತ್ತ ಹರಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅದು ತಣ್ಣಗಿತ್ತು, ಮುದುಕನ ಸೊಂಟದಲ್ಲಿದ್ದ ಕಲ್ಲು ಅಷ್ಟು ತಣ್ಣಗಿದ್ದದ್ದು ಅವನಿಗೆ ಸೋಜಿಗವೆನಿಸಿತು. ಗಂಗಪ್ಪ ಉದ್ದನೆಯ ಉಸಿರು ಬಿಟ್ಟು ಕುರ್ಚಿಗೆ ಒರಗಿ ಶುರು ಮಾಡಿದ.

"ನಮ್ಮದು ಕಾಗಿಗಡ್ಡಿ. ಕೃಷ್ಣಾ ಹೊಳಿ ನಟ್ಟನಡುವ ಒಂದು ತುಂಡು ನೆಲ, ಅಷ್ಟ. ಸುತ್ತಲೂ ನೀರು. ಹನ್ನೆರಡು ಮನಿ, ಒಂದು ಹನಮಪ್ಪನ ಗುಡಿ, ಮಂದಿಗಿಂತ ಕುರಿ ಹೆಚ್ಚು. ಉಪ್ಪು ಬೇಕು ಅಂದ್ರ ಹೊಳಿ ದಾಟಬೇಕು, ಗಿರಣಿಗೆ ಹೊಳಿ ದಾಟಬೇಕು, ಬೆಂಕಿಪೆಟ್ಟಿಗಿ ತೀರಿದ್ರ ಹೊಳಿ ದಾಟಬೇಕು... ಬ್ಯಾಸಗಿಯಾಗ ಏನಿಲ್ಲ, ಹೊಳ್ಯಾಗಿನ ಕಲ್ಲುಬಂಡಿ ಮ್ಯಾಲ ಬಂಡಿ ಹಾರಕೋತ ಹೋಗಬಹುದು, ಮಳಲಾಗ ಕಲ್ಲಂಗಡಿ ಬೆಳೀತಿದ್ವಿ, ಬಂಡಿ ಸಂದ್ಯಾಗ ಹಗ್ಗ ಕಟ್ಟಿ ಇಳದು ಜೇನು ಬಿಡಸ್ತಿದ್ವಿ, ಮಸಳಿ ಬಿಸಲಿಗೆ ಬಿದ್ದಿದ್ರ ಅದಕ್ಕ ಕಲ್ಲು ಒಗದು ಓಡತಿದ್ವಿ. ಹುಡುಗರು ಸೈತ ಒಣಗಿದ ಸೋರಿಕಾಯಿ ಬುರುಡಿ ಎದಿಗೆ ಕಟಗೊಂಡು, ಪಾಟಿಚೀಲ ತಲಿ ಮ್ಯಾಲ ಇಟಗೊಂಡು, ಈಸಿ ಸಾಲಿಗೆ ಹೋಗ್ತಿದ್ವು. ನಗತೀಯಾ ಆಂಜಿನಪ್ಪ? ನಿನಗ ಈ ರಸ್ತೆ ಮ್ಯಾಲಿನ ನೀರು ದಾಟಾಕ ಆಗವಲ್ದು!"

"ಸಕ್ಕತ್ತಾಗ್ ಹೇಳ್ತೀಯ ತಾತ, ಮುಂದಕ್ ಹೇಳು," ಎಂದ ಆಂಜಿನಪ್ಪ.

"ಮಳಿಗಾಲದಾಗ ಮಾತ್ರ ಹರಗೋಲು. ಬಿದಿರಿನ ಬುಟ್ಟಿ, ಗುಂಡಂದು. ಅದನ್ನ ನಡಸಾಂವ ನಾನು, ನನಗಿಂತ ಮೊದಲ ನಮ್ಮಪ್ಪ. ನನ್ನ ಬಿಟ್ಟು ಎಂಟು ಮಂದಿ ಹಿಡೀತದ, ಅದರ ಮ್ಯಾಲ ಒಬ್ಬರೂ ಇಲ್ಲ. ನಮ್ಮಲ್ಲಿ ಒಂದು ಪದ್ಧತಿ ಇತ್ತು, ಕೇಳ್ರಿ. ಹತ್ತಾವರು ದಂಡಿ ಮ್ಯಾಲಿಂದ ಒಂದೊಂದು ಹರಳು ಆರಿಸಿ ನನ್ನ ಕೈಯಾಗ ಇಡಬೇಕು. ನಾನು 'ತಗೊಂಡೆ' ಅಂತ ಬಾಯಿಬಿಟ್ಟು ಅಂದು ಚೀಲಕ್ಕ ಹಾಕಬೇಕು. ಅಂದ ಮ್ಯಾಲ ಮುಗೀತು, ಅವರ ಜೀವ ಆ ದಂಡಿಗೆ ಮುಟ್ಟೂತನ ನನ್ನ ಕೈಯಾಗಿನ ಜೀವ. ಇಳದ ಮ್ಯಾಲ ಅವರವರ ಹರಳು ಅವರವರ ತಗೊಂಡು ಹೊಳಿಗೆ ಒಗೀತಾರ, ಗಂಗವ್ವಾ ನಿನ್ನ ಕಲ್ಲು ನಿನಗ, ನನ್ನ ಜೀವ ನನಗ, ಅಂತ. ಚೀಲ ಖಾಲಿ ಆಗಬೇಕು. ನಮ್ಮಪ್ಪ ನಲವತ್ತು ವರ್ಷ ನಡಸಿದ, ಒಂದು ದಿನ ಒಂದು ಹರಳು ಉಳಿಸಿಕೊಳ್ಳಲಿಲ್ಲ. ನಾನು?... ನಾನು ಒಂದ ಉಳಿಸಿದೆ."

ಮುತ್ತಣ್ಣನ ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು. ಮುದುಕ ಅದನ್ನು ನೋಡಿಯೂ ನೋಡದವನಂತೆ ಬೀಡಿ ಸೇದಿದ.

"ಇಪ್ಪತ್ತೈದು ವರ್ಷದ ಹಿಂದಿನ ಮಾತು. ನನ್ನ ತಮ್ಮ ಯಮನಪ್ಪ ಈ ಬೆಂಗಳೂರಿಗೇ ಗಾರೆ ಕೆಲಸಕ್ಕ ಬಂದಿದ್ದ. ಹೆಂಡತಿ ಬಸಕ್ಕನ್ನ ನನ್ನ ಮನ್ಯಾಗ ಬಿಟ್ಟು, 'ಅಣ್ಣಾ, ಹಡಿಯೋ ಹೊತ್ತಿಗೆ ಅಕಿನ್ನ ಹೊಳಿ ದಾಟಿಸಿ ದವಾಖಾನಿಗೆ ಸೇರಿಸು' ಅಂತ ಕೈ ಹಿಡದು ಹೇಳಿ ಬಂದಿದ್ದ. ಅಕಿ ಹೆಂಗಿದ್ಲು ಅಂತೀರಿ?... ಇಕಿ ಹಂಗ ಇದ್ಲು," ಎಂದು ಸವಿತಾಳ ಕಡೆ ಗದ್ದ ಎತ್ತಿದ. "ಮಾತು ಮಾತಿಗೆ ನಗಾಕಿ. ನನಗ ಬಿಸಿ ರೊಟ್ಟಿ ಬಡದು ಹಾಕಾಕಿ.

"ಅವತ್ತು ಹಗಲು ಹನ್ನೊಂದು ಗಂಟಿ. ಛಲೋ ಬಿಸಲು ಬಿದ್ದಿತ್ತು. ಮ್ಯಾಲ ಎಲ್ಲೋ ಮಳಿಯಾಗಿ ಹೊಳಿ ಕೆಂಪಗಾಗಿತ್ತು, ಏರಾಕ ಹತ್ತಿತ್ತು, ಅದಕ್ಕ ಆರು ಮಂದಿ ಗಡಿಬಿಡಿಯಿಂದ ದಾಟಾಕ ಬಂದಿದ್ರು. ಬಸಕ್ಕಗ ನಸಿಕಿನಿಂದ ನೋವು. ಹೊಟ್ಟಿ ಹಿಡಕೊಂಡು ಬಂದು ಹರಳು ಕೊಟ್ಲು. 'ತಗೊಂಡ್ಯಾ ಬಾವಾ?' ಅಂದ್ಲು. 'ತಗೊಂಡೆ' ಅಂದೆ. ಹತ್ತಿ ಕುಂತ್ಲು. ಏಳು ಮಂದಿ ಆದ್ರು. ಆಮ್ಯಾಲ ನಾನು ಟಗರು ತಂದೆ."

"ಟಗರಾ?" ಎಂದ ಆಂಜಿನಪ್ಪ.

"ಹೂಂ, ಟಗರು! ಸರದಾರ ಅಂತ ಹೆಸರಿಟ್ಟಿದ್ದೆ. ಮಕ್ಕಳಿಲ್ಲದ ಮನಿ ನಂದು, ಅದ ಮಗ. ಹಾಲು ಕುಡಿಸಿ, ಕಾಳು ತಿನ್ನಿಸಿ, ಕೋಡಿಗೆ ಎಣ್ಣಿ ಹಚ್ಚಿ ಬೆಳಸಿದ್ದೆ. ಮರುದಿನ ಆಚಿ ಊರಾಗ ಟಗರಿನ ಕಾಳಗ. ಹೊಳಿ ಏರಿತು ಅಂದ್ರ ಮತ್ತ ಎಂಟು ದಿನ ದಾಟಾಕ ಆಗಂಗಿಲ್ಲ. ಟಗರು ಇಬ್ಬರ ತೂಕ. ಲೆಕ್ಕ ನೀವ ಹಾಕ್ರಿ... ಒಬ್ಬರು ಇಳೀಬೇಕು. ಆರು ಮಂದಿ ಬ್ಯಾರೆಯವರು, ಅವರನ್ನ ಇಳಸಿದ್ರ ಜಗಳ ಮಾಡ್ತಾರ. ಮನಿಯಾಕಿ ಏನ್ ಮಾಡ್ತಾಳ? 'ನೀ ಇಳಿ, ಮುಂದಿನ ಸುತ್ತಿಗೆ ಬರ್ತೀನಿ' ಅಂದೆ. ಅಂಜನಮ್ಮ ಅನ್ನೋ ಮುದುಕಿ ಇತ್ತು, 'ಅಯ್ಯ, ನಿನ್ನ ಹೆಣ ಎತ್ತಲಿ, ನೋವು ತಿನ್ನಾಕಿನ್ನ ಇಳಿಸಿ ಟಗರು ಹತ್ತಸ್ತೀಯೇನೋ, ನಾನ ಇಳೀತೀನಿ ತಡಿ' ಅಂತ ಏಳಾಕ ಹತ್ತಿತು. ಅಷ್ಟರಾಗ ನಾನು ಬಸಕ್ಕನ ರೆಟ್ಟಿ ಹಿಡದು ಇಳಿಸಿ, ಟಗರು ಎತ್ತಿ ಇಟ್ಟು, ಹುಟ್ಟು ಹಾಕಿಬಿಟ್ಟಿದ್ದೆ."

ಸವಿತಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಮುತ್ತಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ತನ್ನ ಹೆಂಡತಿಯ ಕೈಯ ರೊಟ್ಟಿ ತಿಂದವನು ಇವನೇನಾ ಅನಿಸಿತು.

"ಆಚಿ ದಂಡಿಗೆ ಮುಟ್ಟಿದ್ವಿ," ಗಂಗಪ್ಪ ಮುಂದುವರಿಸಿದ. ದನಿ ಎತ್ತಲಿಲ್ಲ, ಇಳಿಸಲಿಲ್ಲ. "ಆರು ಮಂದಿ ತಮ್ಮ ತಮ್ಮ ಹರಳು ಒಗದ್ರು. ತಕ್ಷಣ ಹೊಳ್ಳಿದ್ರ ಆಗ್ತಿತ್ತು. ಖರೆ ಹೇಳ್ತೀನಿ, ಆಗ್ತಿತ್ತು. ಅಲ್ಲಿ ಟಗರು ನೋಡಾಕ ಮಂದಿ ಕೂಡಿತ್ತು. ಹುಲಿ ಹಂಗ ಅದ ಬಿಡೋ ಗಂಗಪ್ಪ ಅಂತ ಹೊಗಳಿದ್ರು. ಯಾರೋ ಒಂದು ಚಾ ಕೊಟ್ರು. ಕುಡದೆ. ಅಷ್ಟ, ಒಂದು ಚಾ ಕುಡಿಯೋ ಹೊತ್ತು... ಹೊಳ್ಳಿ ನೋಡಿದ್ರ ನಾನು ಹರಗೋಲು ಕಟ್ಟಿದ್ದ ಕಲ್ಲುಬಂಡಿ ಮುಳುಗಿತ್ತು, ಹರಗೋಲು ಬಿಡೋ ಹಂಗ ಇರಲಿಲ್ಲ.

"ಅಕಿ ನಮ್ಮ ಗಡ್ಡಿ ದಂಡಿ ಮ್ಯಾಲ ನಿಂತು ಕೂಗತಿದ್ಲು. ಏನಂತ ಗೊತ್ತೇನು? ಕಾಪಾಡ್ರಿ ಅಂತ ಅಲ್ಲ. 'ಬಾವಾ... ನನ್ನ ಹರಳು ನಿನ್ನ ಹಂತ್ಯಾಕ ಅದ...' ಅಂತ. ಎರಡು ತಾಸು ಕೂಗಿದ್ಲು. ಆಮ್ಯಾಲ ನಾಕು ಸೋರಿಬುರುಡಿ ಎದಿಗೆ ಬೆನ್ನಿಗೆ ಕಟಗೊಂಡು ನೀರಿಗೆ ಇಳದ್ಲು. ಅಂಥಾ ಹೊಟ್ಟಿ ಹೊತ್ತು, ಅಂಥಾ ನೋವಿನ್ಯಾಗ, ಆ ಹೊಳಿಯಾಗ ಅರ್ಧ ಈಸಿದ್ಲು ನೋಡ್ರಿ, ಗಟ್ಟಿ ಹೆಣ್ಣು. ನಡುವ ಸುಳಿ ಇತ್ತು. ಬುರುಡಿ ನಾಕೂ ದಂಡಿಗೆ ಬಂದ್ವು, ಕಟ್ಟಿದ ಗಂಟು ಬಿಚ್ಚದಂಗ. ಅಕಿ ಬರಲಿಲ್ಲ."

"ಥೂ," ಎಂದ ಆಂಜಿನಪ್ಪ. "ಟಗರು ಏನಾಯ್ತು?"

"ಗೆದ್ದಿತು," ಎಂದ ಗಂಗಪ್ಪ.

ಮಳೆ ಜೋರಾಗಿ ಬಂದು ಕಂಬಗಳ ನಡುವೆ ಎರಚಿತು. ಮುತ್ತಣ್ಣ ಸವಿತಾಳನ್ನು ಗೋಡೆಯ ಕಡೆಗೆ ಸರಿಸಿ ತಾನು ಅಡ್ಡ ಕೂತ. ಎದ್ದು ಹೋಗೋಣವೆಂದರೆ ದಾರಿಯಿರಲಿಲ್ಲ.

"ನೀರು ಇಳಿದ ಮ್ಯಾಲ ಚೀಲ ನೋಡಿದೆ, ಹರಳು ಇತ್ತು. ಹೊಳಿಗೆ ಒಗದೆ. ಮನಿಗೆ ಬಂದು ಚೀಲಕ್ಕ ಕೈ ಹಾಕಿದ್ರ ಒಳಗ ಅದ, ತೊಯಿಸಿಕೊಂಡು ತಣ್ಣಗ! ಎಷ್ಟು ಸಲ ಒಗದೀನೋ ಲೆಕ್ಕ ಇಲ್ಲ. ಯಾರ ಹರಳು ಅವರ ಒಗೀಬೇಕು... ಅಕಿ ಎಲ್ಲಿಂದ ಬಂದು ಒಗೀತಾಳ? ಆಮ್ಯಾಲ ಒಂದಿನ ನನ್ನ ಹೆಂಡತಿನ್ನ ಕೂಡಿಸಿಕೊಂಡು ಹರಗೋಲು ಬಿಟ್ಟೆ. ಇಬ್ಬರ ಇದ್ವಿ. ನೀರು ನೋಡಿದ್ರ ಅಂಚಿಗೆ ಬಂದದ! ಹತ್ತು ಮಂದಿ ಕುಂತಂಗ. ಬುಟ್ಟಿ ಮಗುಚಿತು. ಮೊಣಕಾಲುದ್ದ ನೀರಾಗ, ಹುಟ್ಟಿದಾಗಿಂದ ಈಸಿದ ನನ್ನ ಹೆಂಡತಿ ಮುಳುಗಿ ಸತ್ಲು. ಆಗ ತಿಳೀತು ನನಗ. ನನ್ನ ಪ್ರೀತಿಯ ಜೀವ ತಂದು ಅಕಿ ಜಾಗದಾಗ ಕುಂದ್ರಿಸಿದ್ದೆ, ಈಗ ಅಕಿ ನನ್ನವರ ಜಾಗದಾಗ ಬಂದು ಕುಂಡ್ರತಾಳ. ಬ್ಯಾರೆಯವರು ಹತ್ತಿದ್ರ ಏನಿಲ್ಲ. ನನ್ನವರು ಹತ್ತಿದ್ರ ಅವರನ್ನ ಇಳಸತಾಳ."

"ನಿನ್ನ ತಮ್ಮ?" ಎಂದು ಕೇಳಿದಳು ಸವಿತಾ.

"ಅವನನ್ನ ಹುಡುಕಿಕೊಂಡು ಬೆಂಗಳೂರಿಗೆ ಬಂದೆ, ಕಾಲು ಹಿಡಕೊಂಡು ಅತ್ತೆ. ಯಮನಪ್ಪ ದೇವರಂಥಾಂವ, ಅಣ್ಣ ಅಂತ ಕ್ಷಮಾ ಮಾಡಿದ. ತನ್ನ ಜೊತಿಗೆ ಕೆಲಸಕ್ಕೂ ಹಚ್ಚಿದ. ಒಂದಿನ ಸಿಮೆಂಟು ಏರಸೋ ಹಲಿಗಿ ಮ್ಯಾಲ ಇಬ್ಬರೂ ನಿಂತು ಆರನೇ ಮಹಡಿಗೆ ಹೊಂಟಿದ್ವಿ. ಹಲಿಗಿ ಅವನ ಕಡಿ ವಾಲಿತು. ನಾನು ಗಟ್ಟಿ ಹಿಡಕೊಂಡೆ, ಅಂವ ಹೋದ. ಅಲ್ಲಿಗೆ ನನ್ನವರು ಅಂತ ಯಾರೂ ಉಳೀಲಿಲ್ಲ... ನಾನೊಬ್ಬನ ಉಳದೀನಿ. ನನಗ ನಾನ ಪ್ರೀತಿ, ಇಲ್ಲ ಅನ್ನಂಗಿಲ್ಲ. ಅದಕ್ಕ ನೋಡಪಾ ಆಂಜಿನಪ್ಪ, ಅವತ್ತು ಲಿಫ್ಟಿನ್ಯಾಗ ನಾನೊಬ್ಬನ ಹತ್ತಿದ್ರ ಕೂಗಿತು. ನಿನ್ನ ಸೆನ್ಸರ್ ಏನೂ ಕೆಟ್ಟಿರಲಿಲ್ಲ."

ಆಂಜಿನಪ್ಪ ನಗಲು ನೋಡಿದ. ಲಿಫ್ಟಿನ ಬಾಗಿಲಿನಿಂದ ಇತ್ತ ಸರಿದು ಕೂತ.

"ಈ ಹರಳು ಬಿಡಸಿಕೊಳ್ಳಾಕ ಒಂದ ದಾರಿ," ಎಂದ ಮುದುಕ. "ಅಂಬಿಗ ಕೆಲಸ ಬಿಡುವಾಗ ಚೀಲದಾಗ ಉಳದದ್ದನ್ನ ಇನ್ನೊಬ್ಬನಿಗೆ ಕೊಡ್ತಾನ. 'ತಗೊಂಡ್ಯಾ' ಅಂತ ಇಂವ ಕೇಳಬೇಕು, 'ತಗೊಂಡೆ' ಅಂತ ಅಂವ ಬಾಯಿಬಿಟ್ಟು ಅನ್ನಬೇಕು. ಅಂದ್ರ ಹಳೇ ಅಂಬಿಗನ ಬಾಕಿ ಎಲ್ಲ ಹೊಸಬನಿಗೆ."

ಮುತ್ತಣ್ಣ ಎದ್ದು ನಿಂತ. "ಏ ಮುದುಕಾ! ಏನ್ ಮಾಡಿದ್ಯೋ ನೀ? ತಗೋ ನಿನ್ನ ಕಲ್ಲು!" ಎಂದು ಹರಳು ತೆಗೆದು ಅವನ ಮುಂದೆ ಹಿಡಿದ. ಗಂಗಪ್ಪ ಕೈ ಕಟ್ಟಿಕೊಂಡು ಬಾಯಿ ಬಿಗಿಹಿಡಿದು ಕೂತ. ಮುತ್ತಣ್ಣ ಅದನ್ನು ಹೊರಗಿನ ಕೆಸರು ನೀರಿಗೆ ಬೀಸಿ ಒಗೆದ. ಅದು ಮುಳುಗಿದ್ದನ್ನು ಎಲ್ಲರೂ ನೋಡಿದರು.

ಅದೇ ಹೊತ್ತಿಗೆ ಕರೆಂಟು ಬಂತು. ಬಲ್ಬುಗಳು ಹತ್ತಿದವು, ಲಿಫ್ಟಿನ ಬಾಗಿಲ ಮೇಲಿನ ಅಂಕಿ ಕೆಂಪಗೆ ಬೆಳಗಿತು. ಗಂಗಪ್ಪ ಎದ್ದು ಹೋಗಿ ಗುಂಡಿ ಒತ್ತಿದ. ಬಾಗಿಲು ತೆರೆಯಿತು. ಬಾಗಿಲ ಚೌಕಟ್ಟು ಹಿಡಿದು ಒಂದೊಂದೇ ಕಾಲು ಒಳಗಿಟ್ಟ. ಲಿಫ್ಟು ಕೂಗಲಿಲ್ಲ. ಬಾಗಿಲು ಮುಚ್ಚಿತು, ಅಂಕಿಗಳು ಹದಿನಾಲ್ಕರ ತನಕ ಏರಿ ಮತ್ತೆ ಇಳಿದವು. ಬಾಗಿಲು ತೆರೆದಾಗ ಮುದುಕ ಸಣ್ಣ ಹುಡುಗನ ಹಾಗೆ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದ.

"ಇವನ ಮಾತು ಕೇಳಿಕೋತ ಕುಂತ್ರ ಆತು, ಬರ್ರಿ," ಎಂದಳು ಸವಿತಾ ಧೈರ್ಯ ತಂದುಕೊಂಡು. "ಬಟ್ಟಿ ಬುತ್ತಿ ತಗೊಂಡು ಮನಿಗೆ ಹೋಗೂಣು." ಗಂಡನ ಕೈ ಹಿಡಿದು ಲಿಫ್ಟಿನೊಳಗೆ ಎಳೆದಳು.

ಅಲಾರಂ ಹೊಡೆದುಕೊಂಡಿತು. ಮುತ್ತಣ್ಣ ಹಾರಿ ಹೊರಗೆ ಬಂದ. ಒಳಗೆ ಸವಿತಾ ಒಬ್ಬಳೇ ನಿಂತಿದ್ದಳು, ಲಿಫ್ಟು ಗಪ್ಪಾಯಿತು. ಅವನು ಕಾಲಿಟ್ಟ, ಮತ್ತೆ ಕೂಗಿತು. ಈ ಸಲ ಸವಿತಾ ಇಳಿದಳು. ಲಿಫ್ಟು ಸುಮ್ಮನಾಗಿ, ಅವನೊಬ್ಬನನ್ನೇ ಇಟ್ಟುಕೊಂಡು ಬಾಗಿಲು ಮುಚ್ಚಲು ಹೊರಟಿತು. ಮುತ್ತಣ್ಣ ಎರಡೂ ಕೈಯಿಂದ ಬಾಗಿಲು ತಳ್ಳಿ ಹೊರಗೆ ಬಿದ್ದ. ಎದೆಗೆ ಏನೋ ತಣ್ಣಗೆ ತಾಗಿತು. ಅಂಗಿಯ ಜೇಬು ಒದ್ದೆಯಾಗಿತ್ತು, ಅದರೊಳಗೆ ಹರಳು ಇತ್ತು.

"ನಾವು ನಿನಗ ಏನ್ ಮಾಡಿದ್ವಿ ಮುತ್ಯಾ?" ಎಂದು ಅವನು ಅತ್ತ. "ದಿನಾ ರೊಟ್ಟಿ ಕೊಟ್ಟಾಳ ಅಕಿ ನಿನಗ. ಹೊಟ್ಟ್ಯಾಗ ಕೂಸು ಅದ."

"ಏನೂ ಮಾಡಿಲ್ಲಪಾ. ಬಸಕ್ಕನೂ ನನಗ ಏನೂ ಮಾಡಿರಲಿಲ್ಲ," ಎಂದ ಗಂಗಪ್ಪ.

ಅವನು ಖಾಲಿ ಚೀಲವನ್ನು ಕೊಡವಿ, ಮಡಿಸಿ, ಕುರ್ಚಿಯ ಮೇಲಿಟ್ಟ. ಕೊಡೆ ಬಿಚ್ಚಿ ಮಳೆಗೆ ಇಳಿಯುವ ಮೊದಲು ಒಮ್ಮೆ ತಿರುಗಿ, ಗೋಡೆಗೆ ಒತ್ತಿ ನಿಂತಿದ್ದ ಸವಿತಾಳನ್ನು ಕಣ್ತುಂಬ ನೋಡಿದ.

"ಲಿಫ್ಟು ಪಾಪ ಛಲೋದು, ಕೂಗಿ ಹೇಳ್ತದ. ಶನಿವಾರ ಬ್ರಿಜ್ ಮ್ಯಾಲ ಹುಷಾರು ತಮ್ಮಾ... ರೈಲು ಏನೂ ಹೇಳಂಗಿಲ್ಲ."